ಹಾಲು ಹಲ್ಲಿನ ಲೆಕ್ಕ

ಹಸುಗೂಸು ಬೊಚ್ಚುಬಾಯಿ ಬಿಟ್ಟು ನಕ್ಕಾಗ ಅಲ್ಲಿ ಹಲ್ಲೇ ಇಲ್ಲ ಅಂದುಕೊಳ್ಳುತ್ತೇವೆ. ಇವೆ. ವಸಡಿನ ಕೆಳಗೆ 20 ಹಾಲು ಹಲ್ಲುಗಳೂ ಆಗಲೇ ಜಾಗ ಹಿಡಿದು ಕೂತಿರುತ್ತವೆ. ಮುಂದಿನವುಗಳ ತಲೆ ಬಹುಮಟ್ಟಿಗೆ ಕಟ್ಟಿ ಆಗಿರುತ್ತದೆ, ದವಡೆಯವುಗಳದ್ದು ಇನ್ನೂ ತುದಿ ಮಾತ್ರ. ಮಗು ಒಂದನೇ ಕ್ಲಾಸಿಗೆ ಹೋಗುವಾಗ ಹೊರಬರಬೇಕಾದ ನಾಲ್ಕು ಕಾಯಂ ದವಡೆ ಹಲ್ಲುಗಳ ಕೆಲಸವೂ ಹೆರಿಗೆಯ ಆಸುಪಾಸಿನಲ್ಲೇ ಶುರುವಾಗುತ್ತದೆ. ಇದಕ್ಕೆಲ್ಲ ಗುದ್ದಲಿಪೂಜೆ ಆದದ್ದು ಗರ್ಭ ಕಟ್ಟಿದ ಆರನೇ ವಾರದಲ್ಲಿ. ಆಗ ಭ್ರೂಣದ ಉದ್ದ ಒಂದು ಸೆಂಟಿಮೀಟರಿನ ಆಸುಪಾಸು. ನಾಲ್ಕನೇ ತಿಂಗಳಿಗೆಲ್ಲ ಸುಣ್ಣದ ಅಂಶ ಸೇರಿ ಗಟ್ಟಿಯಾಗುವ ಕೆಲಸ ಆರಂಭ. ಬಸುರಿಗೆ ಸೀಮಂತದ ಬಳೆ ತೊಡಿಸುವ ಹೊತ್ತಿಗೆ ಒಳಗಿರುವ ಮಗುವಿನ ಮುಂದಿನ ಹಲ್ಲುಗಳು ಸಾಕಷ್ಟು ದೂರ ಬಂದುಬಿಟ್ಟಿರುತ್ತವೆ.

ಹಲ್ಲಿನ ಮೇಲಿನ ಬಿಳಿ ಕವಚ, ಅಂದರೆ ಎನಾಮಲ್, ನಮ್ಮ ಮೈಯಲ್ಲೇ ಅತಿ ಗಟ್ಟಿಯಾದ ಪದಾರ್ಥ. ತೂಕದಲ್ಲಿ ಶೇ 96ರಷ್ಟು ಖನಿಜ. ಅದನ್ನು ಕಟ್ಟುವ ಜೀವಕೋಶಗಳು ಆತುರದವಲ್ಲ. ದಿನಕ್ಕೆ ಸುಮಾರು 4 ಮೈಕ್ರೋಮೀಟರ್, ಅಂದರೆ ಒಂದು ಮಿಲಿಮೀಟರಿನ 250ನೇ ಒಂದು ಭಾಗ. ಒಂದು ತಲೆಗೂದಲಿನ ದಪ್ಪದಷ್ಟು ಕಟ್ಟಲು ಎರಡೂವರೆ ವಾರ ಬೇಕು. ಹಲ್ಲು ವಸಡು ಸೀಳಿಕೊಂಡು ಹೊರಗೆ ಬರುವಷ್ಟರಲ್ಲಿ ಈ ಕೋಶಗಳೆಲ್ಲ ಸತ್ತು ಹೋಗಿರುತ್ತವೆ. ಮುರಿದ ಮೂಳೆ ಕೂಡುತ್ತದೆ, ಸೀಳಿದ ಚರ್ಮ ಕೂಡುತ್ತದೆ. ಎನಾಮಲ್ ಒಮ್ಮೆ ಕುಳಿ ಬಿದ್ದರೆ ಮತ್ತೆ ಕಟ್ಟಲು ಒಳಗೆ ಒಬ್ಬ ಕೆಲಸದವನೂ ಉಳಿದಿಲ್ಲ.

ಇಲ್ಲೊಂದು ಸೋಜಿಗವಿದೆ. ಹಾಲು ಹಲ್ಲನ್ನು ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಎನಾಮಲ್ಲಿನ ಅಡ್ಡಕ್ಕೆ ಒಂದು ಕಪ್ಪು ಗೆರೆ ಎದ್ದು ಕಾಣುತ್ತದೆ. ಹೆರಿಗೆಯ ಆಘಾತಕ್ಕೆ, ಹೊಕ್ಕುಳಬಳ್ಳಿಯ ಆಹಾರ ನಿಂತು ಬಾಯಿಯ ಆಹಾರ ಶುರುವಾದ ಆ ಏರುಪೇರಿಗೆ, ಹಲ್ಲು ಕಟ್ಟುವ ಕೆಲಸ ಒಂದು ಗಳಿಗೆ ತಡವರಿಸಿದ ಗುರುತು ಅದು. ಗೆರೆಯ ಒಳಗಿನ ಎನಾಮಲ್ ತಾಯಿಯ ಹೊಟ್ಟೆಯಲ್ಲಿ ಆದದ್ದು, ಹೊರಗಿನದು ತೊಟ್ಟಿಲಲ್ಲಿ. ಜೋಯಿಸರು ಜನನದ ಗಳಿಗೆ ಕೇಳಿದಾಗ ಮನೆಯವರು ತಡಕಾಡುತ್ತಾರೆ. ಹಲ್ಲು ಅದನ್ನು ತಾನಾಗಿಯೇ ಬರೆದಿಟ್ಟುಕೊಂಡಿರುತ್ತದೆ.

ಆರು ವರ್ಷದ ಮಗುವಿನ ಮುಖದ ಎಕ್ಸ್‌ರೇ ನೋಡಿದವರಿಗೆ ಮೊದಲು ದಿಗಿಲೇ ಆಗುತ್ತದೆ. ಮೇಲೆ 20 ಹಾಲು ಹಲ್ಲು, ಅವುಗಳ ಬೇರಿನ ಕೆಳಗೆ, ಕಣ್ಣಿನ ಗುಣಿಯ ತನಕ, ದವಡೆಯ ಮೂಲೆಯ ತನಕ ಒತ್ತೊತ್ತಾಗಿ ಇನ್ನೂ 28. ಒಟ್ಟು 48. ಮನುಷ್ಯನ ಆಯಸ್ಸಿನಲ್ಲಿ ಅಷ್ಟೊಂದು ಹಲ್ಲು ಒಟ್ಟಿಗೆ ಇರುವ ಕಾಲ ಬೇರೆ ಇಲ್ಲ.

ಇನ್ನು ದೇಶದ ಲೆಕ್ಕಕ್ಕೆ ಬರೋಣ. ಭಾರತದಲ್ಲಿ ವರ್ಷಕ್ಕೆ ಹುಟ್ಟುವ ಮಕ್ಕಳು ಸುಮಾರು 2.3 ಕೋಟಿ. ತಲಾ 20 ಹಲ್ಲಿನಂತೆ 46 ಕೋಟಿ ಹೊಸ ಹಲ್ಲು. ಸೆಕೆಂಡಿಗೆ ಹದಿನಾಲ್ಕೋ ಹದಿನೈದೋ ಹಾಲು ಹಲ್ಲುಗಳು ಈ ದೇಶದ ಯಾವುದೋ ಮೂಲೆಗಳಲ್ಲಿ ವಸಡು ಸೀಳುತ್ತಿವೆ, ಅಷ್ಟೂ ಮನೆಗಳಲ್ಲಿ ಮಗು ಜೊಲ್ಲು ಸುರಿಸುತ್ತಾ ಸಿಕ್ಕಿದ್ದೆಲ್ಲ ಕಚ್ಚುತ್ತಿದೆ.

ಅವುಗಳಲ್ಲಿ ಹುಳುಕಾಗುವುದು ಎಷ್ಟು? ಭಾರತೀಯ ದಂತ ಪರಿಷತ್ತು 2002–03ರಲ್ಲಿ ದೇಶವ್ಯಾಪಿ ಸಮೀಕ್ಷೆ ಮಾಡಿಸಿತು. ಐದು ವರ್ಷದ ಮಕ್ಕಳಲ್ಲಿ ಶೇ 51.9 ಮಂದಿಗೆ ಹುಳುಕು ಹಲ್ಲು ಕಂಡಿತು. ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ಇಬ್ಬರಲ್ಲಿ ಒಬ್ಬರು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರತಂದ ವರದಿಯ ಪ್ರಕಾರ ಜಗತ್ತಿನಲ್ಲಿ ಹಾಲು ಹಲ್ಲು ಹುಳುಕಾಗಿರುವ ಮಕ್ಕಳು 51.4 ಕೋಟಿ. ಈ ಸಂಖ್ಯೆ ಓದಿದರೆ ತಲೆಗೆ ಇಳಿಯುವುದಿಲ್ಲ, ಆದ್ದರಿಂದ ಹೀಗೆ ಹೇಳುತ್ತೇನೆ: 2011ರ ಜನಗಣತಿಯ ಕರ್ನಾಟಕವನ್ನು, ಮುದುಕರು ತದುಕರು ಎಲ್ಲರನ್ನೂ ಸೇರಿಸಿ, ಎಂಟು ಸಲ ತುಂಬಿಸಬೇಕು. ಒಬ್ಬ ದಂತವೈದ್ಯರು ಸೆಕೆಂಡಿಗೊಂದು ಮಗುವಿನ ಬಾಯಿ ನೋಡುತ್ತಾ, ಊಟ ನಿದ್ದೆ ಬಿಟ್ಟು ಕೂತರೆ, ಕೊನೆಯ ಮಗುವಿನ ಸರದಿ ಬರುವುದು 16 ವರ್ಷದ ಮೇಲೆ. ಅಷ್ಟರಲ್ಲಿ ಆ ಮಗುವಿಗೆ ಮೀಸೆ ಚಿಗುರಿರುತ್ತದೆ.

ಇಷ್ಟಾದರೂ ಮನೆಮನೆಯಲ್ಲಿ ಕೇಳುವ ಮಾತು ಒಂದೇ: "ಹಾಲು ಹಲ್ಲು ತಾನೇ, ಹೇಗೂ ಬೀಳತ್ತೆ ಬಿಡಿ."

ಬೀಳುತ್ತದೆ, ಯಾವಾಗ ಎಂಬುದೇ ಪ್ರಶ್ನೆ. ಮುಂದಿನವು ಆರೇಳು ವರ್ಷಕ್ಕೆ ಬೀಳುತ್ತವೆ, ಸಗಣಿ ಉಂಡೆಯಲ್ಲಿಟ್ಟು ಸೂರಿನ ಮೇಲೆ ಎಸೆಯುವ ಸಂಭ್ರಮವೆಲ್ಲ ಅವುಗಳದ್ದೇ. ಆದರೆ ಎರಡನೇ ಹಾಲು ದವಡೆ ಹಲ್ಲು ಎರಡೂವರೆ ವರ್ಷಕ್ಕೆ ಬಂದರೆ ಹತ್ತು–ಹನ್ನೆರಡರ ತನಕ ಜಾಗ ಬಿಡುವುದಿಲ್ಲ. ದಿನಕ್ಕೆ ಮೂರು ಊಟದಂತೆ ಲೆಕ್ಕ ಹಾಕಿದರೆ ಒಂದೊಂದು ಹಲ್ಲೂ ಒಂಬತ್ತು ಸಾವಿರ ಊಟಗಳಿಗೆ ಮೇಲ್ಪಟ್ಟು ಅಗಿಯಬೇಕು. ಮೈ ಬೆಳೆಯುವ ವರ್ಷಗಳ ಅಷ್ಟೂ ಮುದ್ದೆ–ಅನ್ನ–ರೊಟ್ಟಿಗೆ ಆಧಾರ ಅವೇ. ಕಾಲಕ್ಕೆ ಮೊದಲು ಅವನ್ನು ಕಿತ್ತರೆ ಪಕ್ಕದವು ಆ ಜಾಗಕ್ಕೆ ವಾಲುತ್ತವೆ, ಕೆಳಗೆ ಕಾಯುತ್ತಿರುವ ಕಾಯಂ ಹಲ್ಲು ದಾರಿ ಸಿಗದೆ ಅಡ್ಡಾದಿಡ್ಡಿ ಏಳುತ್ತದೆ. ಮುಂದೆ ಕ್ಲಿಪ್ಪು ಹಾಕಿಸಲು ಸಾವಿರಗಟ್ಟಲೆ ಖರ್ಚು ಮಾಡುವ ಎಷ್ಟೋ ಮನೆಗಳಲ್ಲಿ ಕಥೆ ಶುರುವಾದದ್ದು ಐದನೇ ವರ್ಷದ ಒಂದು ಕುಳಿಯಿಂದ.

ಇನ್ನು ನೋವು. ಇಂಗ್ಲೆಂಡಿನಲ್ಲಿ ಮಕ್ಕಳಿಗೆ ಹಲ್ಲಿನ ಚಿಕಿತ್ಸೆ ಸರ್ಕಾರದ ಖರ್ಚಿನಲ್ಲಿ ಸಿಗುತ್ತದೆ. ಆದರೂ ಅಲ್ಲಿ 5ರಿಂದ 9 ವರ್ಷದ ಮಕ್ಕಳು ಆಸ್ಪತ್ರೆಗೆ ದಾಖಲಾಗುವ ಕಾರಣಗಳಲ್ಲಿ ವರ್ಷಾನುಗಟ್ಟಲೆ ಮೊದಲ ಸ್ಥಾನದಲ್ಲಿರುವುದು ಹುಳುಕು ಹಲ್ಲು ಕೀಳಿಸುವುದು. ಮೂಳೆ ಮುರಿತ, ಉಬ್ಬಸ, ಎಲ್ಲವೂ ಅದರ ಹಿಂದೆ. 2007ರಲ್ಲಿ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ 12 ವರ್ಷದ ಹುಡುಗನೊಬ್ಬನ ಹುಳುಕು ಹಲ್ಲಿನ ಕೀವು ಮೆದುಳಿಗೆ ಏರಿ ಆತ ತೀರಿಕೊಂಡ. ಆ ಹಲ್ಲು ಕೀಳಿಸಲು ತಗಲುತ್ತಿದ್ದ ಖರ್ಚು 80 ಡಾಲರ್. ಅವನನ್ನು ಉಳಿಸಿಕೊಳ್ಳಲು ನಡೆಸಿದ ಶಸ್ತ್ರಚಿಕಿತ್ಸೆಗಳ ಮತ್ತು ಆಸ್ಪತ್ರೆವಾಸದ ಬಿಲ್ಲು ಎರಡೂವರೆ ಲಕ್ಷ ಡಾಲರಿನ ಆಸುಪಾಸು. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟ ಮೇಲೆ ನನಗೆ ಬೇರೆ ಮಾತು ತೋಚುವುದಿಲ್ಲ.

ಹಲ್ಲು ತಿನ್ನುವುದು ಹುಳು ಎಂಬ ನಂಬಿಕೆ ಬಾಬಿಲೋನಿನಷ್ಟು ಹಳೆಯದು, ನಮ್ಮಲ್ಲೂ ಇದೆ. ನಿಜವಾದ ತಪ್ಪಿತಸ್ಥರನ್ನು ಮೊದಲು ಕಂಡವನು ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಆಂಟನಿ ಫಾನ್ ಲೇವನ್‌ಹುಕ್. 1683ರಲ್ಲಿ ತನ್ನ ಹಲ್ಲಿನ ಸಂದಿನ ಬಿಳಿ ಮೇಣವನ್ನು ಕೆರೆದು, ತಾನೇ ಉಜ್ಜಿ ಮಾಡಿದ ಮಸೂರದಲ್ಲಿ ನೋಡಿ, ಒಬ್ಬನ ಬಾಯಲ್ಲಿರುವ ಜೀವಿಗಳ ಮುಂದೆ ಒಂದು ರಾಜ್ಯದ ಪ್ರಜೆಗಳೂ ಕಡಿಮೆಯೇ ಎಂಬರ್ಥದಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ. ಪಾಪ, ಅವನ ಅಂದಾಜು ತೀರಾ ಕಮ್ಮಿಯಾಯಿತು. ಈಗಿನ ಲೆಕ್ಕದಲ್ಲಿ ಅಂಥ ಒಂದು ಗ್ರಾಂ ಮೇಣದಲ್ಲಿ ಹತ್ತು ಸಾವಿರ ಕೋಟಿ ಬ್ಯಾಕ್ಟೀರಿಯಾ. ಭೂಮಿಯ ಮೇಲಿನ ಅಷ್ಟೂ ಮನುಷ್ಯರ ಹನ್ನೆರಡು ಪಟ್ಟು. ಒಂದು ಮಿಲಿಲೀಟರ್ ಜೊಲ್ಲಿನಲ್ಲಿ ಹತ್ತು ಕೋಟಿ. ಬಾಯಿಯಲ್ಲಿ ಗುರುತಿಸಲಾದ ಜಾತಿಗಳೇ 700ಕ್ಕೂ ಹೆಚ್ಚು.

ಹೆಚ್ಚಿನವು ನಿರಪಾಯಿಗಳು. ಪುಂಡರ ಮುಖಂಡನನ್ನು 1924ರಲ್ಲಿ ಲಂಡನ್ನಿನಲ್ಲಿ ಕ್ಲಾರ್ಕ್ ಎಂಬಾತ ಹುಳುಕಿನ ಕುಳಿಯಿಂದಲೇ ಹಿಡಿದು ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂದು ಹೆಸರಿಟ್ಟ. ಸಕ್ಕರೆ ಸಿಕ್ಕರೆ ಇದು ಎರಡು ಕೆಲಸ ಮಾಡುತ್ತದೆ. ಒಂದು, ಅಂಟು ತಯಾರಿಸಿ ನುಣುಪಾದ ಎನಾಮಲ್ಲಿಗೆ ಕಚ್ಚಿಕೊಳ್ಳುವುದು. ಇನ್ನೊಂದು, ಆಮ್ಲ ಉಗುಳುವುದು. ಹುಟ್ಟಿದ ಮಗುವಿನ ಬಾಯಲ್ಲಿ ಇದು ಸಾಮಾನ್ಯವಾಗಿ ಇರುವುದಿಲ್ಲ. ಅಮೆರಿಕದ ಕಾಫೀಲ್ಡ್ ಮತ್ತು ಸಂಗಡಿಗರು ಮಕ್ಕಳನ್ನು ಹುಟ್ಟಿದಂದಿನಿಂದ ಗಮನಿಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಹಳಷ್ಟು ಮಕ್ಕಳಿಗೆ ಇದು ಅಂಟಿದ್ದು 19ರಿಂದ 31 ತಿಂಗಳ ನಡುವೆ. ಎಲ್ಲಿಂದ? ಹೆಚ್ಚಾಗಿ ಅಮ್ಮನ ಬಾಯಿಂದ. ಬಿಸಿ ನೋಡಲು ನಾಲಿಗೆಗೆ ತಾಗಿಸಿದ ಚಮಚ, ಅಜ್ಜಿ ಜಗಿದು ಮೆತ್ತಗೆ ಮಾಡಿ ಕೊಟ್ಟ ತುತ್ತು, ಕಚ್ಚಿ ಕೊಟ್ಟ ಪೆಪ್ಪರ್‌ಮಿಂಟು. ಇದನ್ನು ಓದಿ ಮಗುವನ್ನು ಮುದ್ದು ಮಾಡುವುದನ್ನೇ ಬಿಡಿ ಎಂದು ಬರೆಯುವವರಿದ್ದಾರೆ. ಅದು ಆಗಹೋಗದ ಮಾತು. ಆಗುವ ಮಾತು ಇನ್ನೊಂದಿದೆ: ಬಸುರಿಯೇ ಮೊದಲು ತನ್ನ ಹುಳುಕು ಹಲ್ಲಿಗೆ ಚಿಕಿತ್ಸೆ ಮಾಡಿಸಿಕೊಂಡರೆ ಮಗುವಿಗೆ ದಾಟುವ ಸೈನ್ಯವೇ ಸಣ್ಣದಾಗುತ್ತದೆ.

ಈಗ ಆಮ್ಲದ ಲೆಕ್ಕ. ಆಮ್ಲತೆಯನ್ನು ಅಳೆಯುವ ಪಿಎಚ್ ಪಟ್ಟಿಯಲ್ಲಿ ಒಂದು ಮೆಟ್ಟಿಲು ಇಳಿದರೆ ಆಮ್ಲ ಹತ್ತು ಪಟ್ಟು ಏರಿತು ಎಂದರ್ಥ. ಬಾಯಿ ಸುಮ್ಮನಿದ್ದಾಗ 7ರ ಆಸುಪಾಸು. ಎನಾಮಲ್ ಕರಗತೊಡಗುವುದು 5.5ಕ್ಕೆ, ಅಂದರೆ ಆಮ್ಲ ಮೂವತ್ತು ಪಟ್ಟು ಹೆಚ್ಚಿದಾಗ. 1940ರ ದಶಕದಲ್ಲಿ ರಾಬರ್ಟ್ ಸ್ಟೀಫನ್ ಎಂಬ ಅಮೆರಿಕನ್ ಸಂಶೋಧಕ ಗ್ಲೂಕೋಸ್ ನೀರಿನಲ್ಲಿ ಬಾಯಿ ಮುಕ್ಕಳಿಸಿದವರ ಹಲ್ಲಿನ ಮೇಲೆ ಇದನ್ನು ನಿಮಿಷ ನಿಮಿಷಕ್ಕೂ ಅಳೆದ. ಕೆಲವೇ ನಿಮಿಷಗಳಲ್ಲಿ ಪಿಎಚ್ ಪಾತಾಳಕ್ಕೆ ಬಿತ್ತು. ಮತ್ತೆ ಮೇಲೆ ಬರಲು ಅರ್ಧ ಗಂಟೆಯಿಂದ ಒಂದು ಗಂಟೆ. ಮೇಲೆತ್ತಿದ್ದು ಜೊಲ್ಲು. ಅದು ಆಮ್ಲವನ್ನು ತೊಳೆದು, ಕರಗಿ ಹೋದ ಸುಣ್ಣವನ್ನು ಮತ್ತೆ ಎನಾಮಲ್ಲಿಗೆ ತುಂಬಿಸುತ್ತದೆ. ಕರಗುವುದು, ತುಂಬುವುದು, ಕರಗುವುದು, ತುಂಬುವುದು: ಬಾಯಿಯೊಳಗಿನ ಈ ಜಮಾ–ಖರ್ಚು ದಿನವಿಡೀ ನಡೆಯುತ್ತಲೇ ಇರುತ್ತದೆ. ಖರ್ಚು ಹೆಚ್ಚಾದ ಕಡೆ ಕುಳಿ. ಕಾಯಂ ಹಲ್ಲಿನಲ್ಲಿ ಎನಾಮಲ್ ದಪ್ಪಗಿರುವ ಕಡೆ ಎರಡು ಮಿಲಿಮೀಟರ್ ದಾಟುತ್ತದೆ, ಹಾಲು ಹಲ್ಲಿನಲ್ಲಿ ಹೆಚ್ಚೆಂದರೆ ಒಂದು. ಬಂಡವಾಳವೇ ಅರ್ಧ.

ಒಂದು ಸಾಧಾರಣ ದಿನ ತೆಗೆದುಕೊಳ್ಳಿ. ಊರು ಯಾವುದಾದರೂ ಆಗಲಿ, ಮಗುವಿಗೆ ಮೂರು ವರ್ಷ. ಬೆಳಿಗ್ಗೆ ಏಳಕ್ಕೆ ಸಕ್ಕರೆ ಹಾಕಿದ ಹಾಲು. ಎಂಟೂವರೆಗೆ ಅದರಲ್ಲೇ ಅದ್ದಿದ ರಸ್ಕು. ಹತ್ತಕ್ಕೆ ಬಿಸ್ಕತ್ತು. ಹನ್ನೊಂದೂವರೆಗೆ ಸ್ಟ್ರಾ ಚುಚ್ಚಿದ ಮಾವಿನ ಜ್ಯೂಸಿನ ಪೊಟ್ಟಣ, ಅದನ್ನೂ ಒಂದೇ ಸಲ ಹೀರದೆ ಮುಕ್ಕಾಲು ಗಂಟೆ ಕೈಯಲ್ಲಿ ಹಿಡಿದು. ಒಂದಕ್ಕೆ ಊಟ. ಮೂರಕ್ಕೆ ಅಜ್ಜಿಯ ತೀರ್ಪು: "ಅಳ್ತಾ ಇದೆ ಮಗು, ಒಂದು ಚಾಕಲೇಟು ಕೊಡೇ." ನಾಲ್ಕೂವರೆಗೆ ಮತ್ತೆ ಹಾಲು. ಆರಕ್ಕೆ ಪಕ್ಕದ ಮನೆಯ ಅಂಕಲ್ ಕೊಟ್ಟ ಲಾಲಿಪಾಪ್. ಎಂಟಕ್ಕೆ ಊಟ. ಒಂಬತ್ತಕ್ಕೆ ಬಾಟಲಿ, ನಿದ್ದೆ. ಇದರಲ್ಲಿ ಯಾವುದೂ ಅತಿ ಅನ್ನಿಸುವುದಿಲ್ಲ, ಯಾರೂ ಮಗುವಿಗೆ ಬಕೆಟ್ಟುಗಟ್ಟಲೆ ಸಿಹಿ ತಿನ್ನಿಸಿಲ್ಲ. ಆದರೆ ಹತ್ತು ಸಲ. ಸಲಕ್ಕೆ ಅರ್ಧ ಗಂಟೆ ಎಂದರೂ ಹಲ್ಲು ಐದು ಗಂಟೆ ಆಮ್ಲದಲ್ಲಿ ನೆನೆಯಿತು. ಅದೇ ಮಗು ಯುಗಾದಿಯ ದಿನ ಮಧ್ಯಾಹ್ನ ಊಟದ ಜೊತೆ ಎರಡು ಹೋಳಿಗೆ ಪಟ್ಟಾಗಿ ಹೊಡೆದಿದ್ದರೆ? ಒಂದು ಸಲ. ಒಂದೇ ಇಳಿತ, ಒಂದೇ ಏರಿಕೆ.

ಈ ವ್ಯತ್ಯಾಸ ಲೋಕಕ್ಕೆ ತಿಳಿದದ್ದು ಒಂದು ಹೇಯ ಪ್ರಯೋಗದಿಂದ. ಸ್ವೀಡನ್ನಿನ ಲುಂಡ್ ಪಟ್ಟಣದ ವಿಪೆಹೋಲ್ಮ್ ಆಸ್ಪತ್ರೆಯಲ್ಲಿ ಬುದ್ಧಿ ಬೆಳೆಯದ ರೋಗಿಗಳಿದ್ದರು. ಬೇಕು, ಬೇಡ ಎನ್ನುವ ಶಕ್ತಿ ಅವರಿಗಿರಲಿಲ್ಲ. 1940ರ ದಶಕದ ಉತ್ತರಾರ್ಧದಲ್ಲಿ ಅಂಥ 436 ಜನರನ್ನು ಗುಂಪು ಮಾಡಿ ಬೇರೆ ಬೇರೆ ಬಗೆಯಲ್ಲಿ ಸಕ್ಕರೆ ತಿನ್ನಿಸಿದರು. ಒಂದು ಗುಂಪಿಗೆ ಊಟದ ಜೊತೆಗೇ ದಿನಕ್ಕೆ 300 ಗ್ರಾಂ ಸಕ್ಕರೆ ಕರಗಿಸಿ ಕೊಟ್ಟರು, ಹಲ್ಲಿಗೆ ಹೇಳಿಕೊಳ್ಳುವಂಥ ಹಾನಿ ಆಗಲಿಲ್ಲ. ಇನ್ನೊಂದು ಗುಂಪಿಗೆ ಊಟಗಳ ನಡುನಡುವೆ ದಿನಕ್ಕೆ 24 ಅಂಟು ಟಾಫಿ. ಅವರ ಹಲ್ಲುಗಳು ಸರ್ವನಾಶವಾದವು. 1954ರಲ್ಲಿ ಫಲಿತಾಂಶ ಹೊರಬಂತು: ಸಕ್ಕರೆಯ ತೂಕಕ್ಕಿಂತ ಅದು ಬಾಯಿಗೆ ಬೀಳುವ ಸಲಗಳ ಎಣಿಕೆ ದೊಡ್ಡದು. ಮಿಠಾಯಿ ಶನಿವಾರ ಮಾತ್ರ ಎಂಬ ಪದ್ಧತಿ ಸ್ವೀಡನ್ನಿನ ಮನೆಗಳಲ್ಲಿ ಬೇರೂರಿದ್ದು ಆ ಬಳಿಕ. ಆ ರೋಗಿಗಳ ಹಲ್ಲಿನ ಬೆಲೆಗೆ ಕೊಂಡ ಅರಿವು ಇದು. ಕೊಂಡಾದ ಮೇಲೆ ಬಳಸದಿರುವುದು ಇನ್ನೊಂದು ಅನ್ಯಾಯ.

ಅದೇ ಕಾಲಕ್ಕೆ ಭೂಮಿಯ ಇನ್ನೊಂದು ತುದಿಯಲ್ಲಿ ಯಾರಿಗೂ ನೋವಿಲ್ಲದ ಪ್ರಯೋಗವೊಂದು ತನ್ನಷ್ಟಕ್ಕೆ ನಡೆಯುತ್ತಿತ್ತು. ಆಸ್ಟ್ರೇಲಿಯಾದ ಬೌರಲ್ ಊರಿನ ಹೋಪ್‌ವುಡ್ ಹೌಸ್ ಎಂಬ ಮಕ್ಕಳ ಆಶ್ರಮದಲ್ಲಿ 1940ರ ದಶಕದಿಂದ ಎಂಬತ್ತರಷ್ಟು ಮಕ್ಕಳು ಹೆಚ್ಚುಕಡಿಮೆ ಸಸ್ಯಾಹಾರದಲ್ಲಿ, ಸಕ್ಕರೆ ಮೈದಾ ಮುಟ್ಟದೆ ಬೆಳೆದರು. ಪರೀಕ್ಷಿಸಿದಾಗ ಅರ್ಧದಷ್ಟು ಮಕ್ಕಳ ಬಾಯಲ್ಲಿ ಒಂದೂ ಹುಳುಕಿರಲಿಲ್ಲ. ಸುತ್ತಲಿನ ಸರ್ಕಾರಿ ಶಾಲೆಗಳಲ್ಲಿ ಅಂಥವರು ನೂರಕ್ಕೆ ಒಬ್ಬರೂ ಸಿಗಲಿಲ್ಲ. ಹದಿಹರೆಯಕ್ಕೆ ಬಂದು ಆಶ್ರಮ ಬಿಟ್ಟು ಊರಿನ ತಿಂಡಿಗೆ ಹೊಂದಿಕೊಂಡ ಮಕ್ಕಳಿಗೆ ಹುಳುಕು ಎಲ್ಲರಂತೆಯೇ ಬಂತು. ಬಾಲ್ಯದ ಪಥ್ಯ ಮುಂದಕ್ಕೆ ರಕ್ಷೆ ಕಟ್ಟಿಕೊಡಲಿಲ್ಲ.

ಹತ್ತು ಸಲಗಳ ಆ ಪಟ್ಟಿಯಲ್ಲಿ ಒಂದನ್ನು ಮಾತ್ರ ಅಳಿಸಿ ಎಂದು ಯಾರಾದರೂ ಕೇಳಿದರೆ ನಾನು ಹಿಂದೆಮುಂದೆ ನೋಡದೆ ಒಂಬತ್ತು ಗಂಟೆಯ ಬಾಟಲಿ ಎನ್ನುತ್ತೇನೆ. ಎಚ್ಚರವಿರುವಾಗ ದೊಡ್ಡವರ ಬಾಯಲ್ಲಿ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು ಊರುತ್ತದೆ. ನಿದ್ದೆ ಹತ್ತಿದೊಡನೆ ಆ ನಲ್ಲಿ ಬಹುತೇಕ ಬಂದ್. ತೊಳೆಯುವವರು ಮನೆಗೆ ಹೋದ ಮೇಲೆ ಸಿಹಿ ಹಾಲು ಮೇಲಿನ ನಾಲ್ಕು ಮುಂದಿನ ಹಲ್ಲುಗಳ ಸುತ್ತ ಮಡುಗಟ್ಟಿ ನಿಲ್ಲುತ್ತದೆ. ಕೆಳಗಿನ ನಾಲ್ಕು ಮಾತ್ರ ಪಾರು, ಏಕೆಂದರೆ ಚೀಪುವಾಗ ನಾಲಿಗೆ ಅವುಗಳ ಮೇಲೆ ಹೊದಿಕೆಯಂತೆ ಚಾಚಿರುತ್ತದೆ. ಅದಕ್ಕೇ ಮೇಲೆ ನಾಲ್ಕು ಕಪ್ಪು ಮೊಟಕು, ಕೆಳಗೆ ನಾಲ್ಕು ಅಚ್ಚ ಬಿಳುಪು ಇರುವ ಎರಡು ವರ್ಷದ ಬಾಯಿಯನ್ನು ಕಂಡರೆ ಮಕ್ಕಳ ದಂತವೈದ್ಯರು ಕೇಳುವ ಮೊದಲ ಪ್ರಶ್ನೆ, "ರಾತ್ರಿ ಬಾಟಲಿ ಕೊಡ್ತೀರಾ ಅಮ್ಮ?" ಎಂಬುದು. ಬಾಟಲಿ ಕಚ್ಚಿಕೊಂಡೇ ರಾತ್ರಿ ಎಂಟು ಗಂಟೆ ಮಲಗುವ ಮಗು ಒಂದು ವರ್ಷದಲ್ಲಿ ಹಾಗೆ ಕಳೆಯುವ ಹೊತ್ತು 2,920 ಗಂಟೆ, ಪೂರಾ 120 ದಿನಗಳಿಗೂ ಹೆಚ್ಚು. ಎದೆಹಾಲನ್ನು ಇದರೊಡನೆ ಸೇರಿಸಿ ಹೆದರಬೇಕಿಲ್ಲ. ವರ್ಷ ತುಂಬಿ ಹಲ್ಲುಗಳೂ ಬೇರೆ ತಿಂಡಿಗಳೂ ಶುರುವಾದ ಮೇಲೆ ರಾತ್ರಿಯಿಡೀ ಕುಡಿಯುತ್ತಲೇ ಮಲಗುವ ಅಭ್ಯಾಸವನ್ನು ಸಡಿಲಿಸುತ್ತಾ ಬಂದರೆ ಸಾಕು.

ಕುಳಿ ಒಂದೇ ದಿನಕ್ಕೆ ಬೀಳುವುದಿಲ್ಲ. ಮಗುವಿನ ಮೇಲ್ದುಟಿಯನ್ನು ಹೆಬ್ಬೆರಳಿನಿಂದ ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಹಲ್ಲು ವಸಡನ್ನು ಸೇರುವ ಅಂಚಿನಲ್ಲಿ ಸುಣ್ಣ ಬಳಿದಂಥ ಹೊಳಪಿಲ್ಲದ ಬಿಳಿ ಪಟ್ಟಿ ಕಂಡರೆ ಅದೇ ಮೊದಲ ಸೂಚನೆ. ಒಳಗಿನ ಖನಿಜ ಸೋರಿದೆ, ಮೇಲ್ಮೈ ಇನ್ನೂ ಕುಸಿದಿಲ್ಲ. ಈ ಹಂತದಲ್ಲಿ ಡ್ರಿಲ್ಲು ಬೇಡ, ಸೂಜಿ ಬೇಡ, ಹಿಂದಕ್ಕೆ ತರಬಹುದು. ಹಿಂದಕ್ಕೆ ತರುವುದು ಫ್ಲೋರೈಡ್.

ಫ್ಲೋರೈಡಿನ ಲೆಕ್ಕ ಎಲ್ಲಕ್ಕಿಂತ ಚಿಕ್ಕದು. ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ 1901ರಲ್ಲಿ ವೃತ್ತಿ ಶುರುಮಾಡಿದ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯರಿಗೆ ಆ ಊರಿನವರ ಹಲ್ಲಿನ ಕಂದು ಕಲೆ ವಿಚಿತ್ರವಾಗಿ ಕಂಡಿತು. ಕಲೆಯ ಹಲ್ಲಿಗೆ ಹುಳುಕು ಕಮ್ಮಿ ಎಂಬುದು ಇನ್ನೂ ವಿಚಿತ್ರ. ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದೇ ಕಾರಣ ಎಂದು ಗೊತ್ತಾಗಲು 1931ರ ತನಕ ಕಾಯಬೇಕಾಯಿತು. 1945ರ ಜನವರಿ 25ರಂದು ಮಿಶಿಗನ್ನಿನ ಗ್ರ್ಯಾಂಡ್ ರ್‍ಯಾಪಿಡ್ಸ್ ನಗರ ತನ್ನ ನಲ್ಲಿ ನೀರಿಗೆ ಫ್ಲೋರೈಡ್ ಬೆರೆಸಿತು, ಲೀಟರಿಗೆ ಒಂದೇ ಒಂದು ಮಿಲಿಗ್ರಾಂ. ಹತ್ತು ಲಕ್ಷ ಪಾಲು ನೀರಿಗೆ ಒಂದು ಪಾಲು, ಅಂದರೆ ಒಂದು ಪಿಪಿಎಂ. ಆ ಬಳಿಕ ಹುಟ್ಟಿದ ಮಕ್ಕಳಲ್ಲಿ ಹುಳುಕು ಶೇ 60ಕ್ಕಿಂತ ಹೆಚ್ಚು ತಗ್ಗಿತು.

ನಮ್ಮಲ್ಲಿ ಇದೇ ಕಥೆ ತಲೆಕೆಳಗು. ಪಾವಗಡ, ಮುಂಡರಗಿ, ಕೋಲಾರದ ಸೀಮೆಯಲ್ಲಿ ಕೊಳವೆಬಾವಿ ಆಳಕ್ಕೆ ಇಳಿದಷ್ಟೂ ಫ್ಲೋರೈಡ್ ಏರುತ್ತದೆ. ಕುಡಿಯುವ ನೀರಿಗೆ ಭಾರತದ ಮಾನದಂಡ ಲೀಟರಿಗೆ ಒಂದು ಮಿಲಿಗ್ರಾಂ, ಬೇರೆ ಗತಿಯಿಲ್ಲದ ಕಡೆ ಒಂದೂವರೆ. ಅದನ್ನು ದಾಟಿದ ಊರುಗಳಲ್ಲಿ ಮಕ್ಕಳ ಕಾಯಂ ಹಲ್ಲು ಕಂದಾಗುತ್ತದೆ, ಇನ್ನೂ ಹೆಚ್ಚಿದರೆ ಮೂಳೆಯೇ ಬಾಗುತ್ತದೆ. ಅಲ್ಲಿನ ತಾಯಂದಿರಿಗೆ ಫ್ಲೋರೈಡ್ ಎಂದರೆ ಸಹಜವಾಗಿಯೇ ಭಯ, ಅದನ್ನು ಯಾರೂ ಹಗುರವಾಗಿ ಕಾಣಬಾರದು. ಆದರೆ ನೀರಿನದು ಬೇರೆ, ಪೇಸ್ಟಿನದು ಬೇರೆ. ಮೂರು ವರ್ಷದೊಳಗಿನ ಮಗುವಿಗೆ ಬ್ರಷ್ಷಿನ ಮೇಲೆ ಬೇಕಾದದ್ದು ಒಂದು ಅಕ್ಕಿಕಾಳಿನಷ್ಟು ಪೇಸ್ಟು, ಸುಮಾರು 0.1 ಗ್ರಾಂ. ಸಾವಿರ ಪಿಪಿಎಂ ಪೇಸ್ಟಿನಲ್ಲಿ ಅಷ್ಟಕ್ಕೆ ಇರುವ ಫ್ಲೋರೈಡ್ 0.1 ಮಿಲಿಗ್ರಾಂ. ಎರಡು ಹೊತ್ತೂ ಪೂರ್ತಿ ನುಂಗಿದರೂ 0.2. ಒಂದೂವರೆ ಮಿಲಿಗ್ರಾಂ ಮಟ್ಟದ ಕೊಳವೆಬಾವಿ ನೀರು ಒಂದು ಲೀಟರ್ ಕುಡಿದರೆ ಒಳಹೋಗುವುದು ಅದರ ಏಳೂವರೆ ಪಟ್ಟು. ಆ ತಾಲ್ಲೂಕುಗಳಲ್ಲಿ ಮೊದಲು ಸರಿಮಾಡಬೇಕಾದ್ದು ಶುದ್ಧ ನೀರಿನ ಘಟಕ. ಪೇಸ್ಟಿನ ಅಳತೆ ಅಕ್ಕಿಕಾಳು ದಾಟದಂತೆ ನೋಡಿಕೊಂಡರೆ ಆಯಿತು.

ಆ ಅಕ್ಕಿಕಾಳಿನ ಲೆಕ್ಕವನ್ನು ಇನ್ನೂ ಮುಂದುವರಿಸಿ. ನೂರು ಗ್ರಾಂ ಟ್ಯೂಬಿನಲ್ಲಿ ಅಂಥ ಸಾವಿರ ಕಾಳು. ದಿನಕ್ಕೆ ಎರಡರಂತೆ 500 ದಿನ. ಆರು ತಿಂಗಳಿಗೆ ಮೊದಲ ಹಲ್ಲು ಬಂದಂದಿನಿಂದ ಮೂರನೇ ಹುಟ್ಟುಹಬ್ಬದ ತನಕ ಎರಡು ಟ್ಯೂಬು ಮುಗಿಯುವುದಿಲ್ಲ. ಟಿವಿ ಜಾಹೀರಾತಿನವರು ಬ್ರಷ್ಷಿನ ಉದ್ದಕ್ಕೂ ಅಲೆಯಲೆಯಾಗಿ ಹಿಂಡಿ ತೋರಿಸುವುದು ಯಾಕೆಂದು ಈಗ ತಿಳಿಯಿತಲ್ಲ. ಮೂರರಿಂದ ಆರರ ತನಕ ಬಟಾಣಿಕಾಳಿನಷ್ಟು, ಅದಕ್ಕಿಂತ ಹೆಚ್ಚು ಬೇಡ. ಉಜ್ಜಿದ ಮೇಲೆ ಉಗುಳಬೇಕು, ನೀರು ಮುಕ್ಕಳಿಸಿ ತೊಳೆದುಬಿಡಬಾರದು. ತೊಳೆದರೆ ಹಾಕಿದ್ದೆಲ್ಲ ಬಚ್ಚಲಿಗೆ. ಬ್ರಷ್ಷು ಹಿಡಿಯುವ ಕೈ ಮಾತ್ರ ಏಳು ವರ್ಷದ ತನಕ ದೊಡ್ಡವರದ್ದಾಗಿರಬೇಕು. ಶೂ ಲೇಸು ಕಟ್ಟಲು ಬಾರದ ಬೆರಳಿಗೆ ದವಡೆಯ ಹಿಂಬದಿ ಉಜ್ಜಲು ಬರುವುದಿಲ್ಲ. ಎರಡು ನಿಮಿಷ, ದಿನಕ್ಕೆರಡು ಸಲ, ಮೊದಲ ಹಲ್ಲಿನಿಂದ ಏಳು ತುಂಬುವ ತನಕ ಕೂಡಿದರೆ ಆರೂವರೆ ದಿನ ಚಿಲ್ಲರೆ. ಬಾಟಲಿಯ ಒಂದು ವರ್ಷದ 120 ದಿನಗಳಿಗೆ ಎದುರಾಗಿ.

ಇದನ್ನು ಒಂದು ದೇಶವೇ ಮಾಡಿ ನೋಡಿದೆ. ಸ್ಕಾಟ್ಲೆಂಡಿನ ಶಿಶುವಿಹಾರಗಳಲ್ಲಿ ಮಕ್ಕಳನ್ನೆಲ್ಲ ಕೂರಿಸಿ ದಿನಕ್ಕೊಮ್ಮೆ ಟೀಚರ ಕಣ್ಣೆದುರೇ ಹಲ್ಲುಜ್ಜಿಸುವ ಕಾರ್ಯಕ್ರಮವಿದೆ, ಈಗ ಅದು ಚೈಲ್ಡ್‌ಸ್ಮೈಲ್ ಎಂಬ ಯೋಜನೆಯ ಭಾಗ. 2003ರಲ್ಲಿ ಅಲ್ಲಿ ಒಂದನೇ ತರಗತಿಗೆ ಬರುವಾಗ ಹುಳುಕು ಕಾಣದ ಮಕ್ಕಳು ಶೇ 45. ಹತ್ತೊಂಬತ್ತು ವರ್ಷದ ಮೇಲೆ ಶೇ 70 ದಾಟಿತ್ತು. ಐದು ವರ್ಷದವರ ಹಲ್ಲಿನ ಚಿಕಿತ್ಸೆಗೆ ಸರ್ಕಾರ ಮಾಡುತ್ತಿದ್ದ ಖರ್ಚು ಹತ್ತು ವರ್ಷದೊಳಗೆ ಅರ್ಧಕ್ಕಿಂತ ಕೆಳಗಿಳಿಯಿತು, ಉಜ್ಜಿಸುವ ಖರ್ಚನ್ನು ಕಳೆದ ಮೇಲೂ ಲಾಭ.

ಕರ್ನಾಟಕದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಒಂದರಲ್ಲಿ 20 ಮಕ್ಕಳು, ತಲೆಗೊಂದು ಬಟಾಣಿಕಾಳು ಪೇಸ್ಟು ಎಂದಿಟ್ಟುಕೊಳ್ಳಿ. ದಿನಕ್ಕೆ 5 ಗ್ರಾಂ, 300 ದಿನಕ್ಕೆ 15 ಟ್ಯೂಬು. ಇಡೀ ರಾಜ್ಯಕ್ಕೆ ವರ್ಷಕ್ಕೆ ಸುಮಾರು ಹತ್ತು ಲಕ್ಷ ಟ್ಯೂಬು ಮತ್ತು ಮಕ್ಕಳ ಸಂಖ್ಯೆಯಷ್ಟು ಬ್ರಷ್ಷು. ಹಾಲು, ಮೊಟ್ಟೆ, ಊಟ ತಲುಪಿಸುವ ವ್ಯವಸ್ಥೆಯ ಮೂಲಕವೇ ಇದನ್ನೂ ತಲುಪಿಸಬಹುದು. ನಮ್ಮ ರಾಜ್ಯದಲ್ಲಿ 40ಕ್ಕೂ ಹೆಚ್ಚು ದಂತ ವೈದ್ಯಕೀಯ ಕಾಲೇಜುಗಳಿವೆ. ಹಲ್ಲು ಹೋದ ಬಡ ಹಿರಿಯರಿಗೆ ಕಟ್ಟು ಹಲ್ಲು ಕೊಡುವ ದಂತಭಾಗ್ಯ ಯೋಜನೆಯೂ ಇದೆ, ಒಳ್ಳೆಯದೇ. ಹಲ್ಲು ಬರುತ್ತಿರುವವರಿಗೂ ಒಂದು ಭಾಗ್ಯ ಬೇಕು ಎನ್ನುವುದಕ್ಕೆ ಯಾರ ತಕರಾರೂ ಇರಲಾರದು.

ಈಗಾಗಲೇ ಕುಳಿ ಬಿದ್ದ ಮಗು ಡ್ರಿಲ್ಲಿನ ಸದ್ದಿಗೇ ಕಿರುಚಿ ಕುರ್ಚಿಯಿಂದ ಜಾರುತ್ತದೆ. ಅಂಥವರಿಗೆ ಜಪಾನಿನಲ್ಲಿ 1970ರ ಹೊತ್ತಿಗೇ ಬಳಕೆಗೆ ಬಂದ ಒಂದು ದ್ರಾವಣವಿದೆ: ಸಿಲ್ವರ್ ಡೈಅಮೀನ್ ಫ್ಲೋರೈಡ್. ಫ್ಲೋರೈಡ್ ಪ್ರಮಾಣ 44,800 ಪಿಪಿಎಂ, ಪೇಸ್ಟಿನ ನಲವತ್ತೈದು ಪಟ್ಟು. ಒಂದೇ ಹನಿ ನಾಲ್ಕೈದು ಹಲ್ಲಿಗೆ ಸಾಕು. ಸೂಜಿಯಿಲ್ಲ, ಕೊರೆತವಿಲ್ಲ, ಸವರಿ ಒಂದು ನಿಮಿಷ ಬಿಟ್ಟರೆ ಹೆಚ್ಚಿನ ಕುಳಿಗಳು ಅಲ್ಲಿಗೇ ನಿಲ್ಲುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಒಂದೇ ಕೊರತೆ, ಹುಳುಕಾದ ಭಾಗ ಮಸಿಯಂತೆ ಕಪ್ಪಾಗಿ ಹಾಗೇ ಉಳಿಯುತ್ತದೆ. "ಕಪ್ಪಾಗುತ್ತಾ? ಫೋಟೋದಲ್ಲಿ ಕಾಣತ್ತಲ್ಲ ಡಾಕ್ಟ್ರೇ" ಎಂದು ಹಿಂಜರಿಯುವ ಅಪ್ಪ–ಅಮ್ಮಂದಿರೇ ಹೆಚ್ಚು. ದವಡೆ ಹಲ್ಲಿಗಾದರೆ ಹಾಕಿಸಿ, ನಗುವಾಗ ಅದು ಯಾರಿಗೂ ಕಾಣುವುದಿಲ್ಲ.

ಕೊನೆಯದಾಗಿ, ಬಹಳ ಮನೆಗಳಲ್ಲಿ ಗಮನಕ್ಕೇ ಬಾರದ ಒಂದು ಘಟನೆ. ಆರನೇ ವರ್ಷದ ಸುಮಾರಿಗೆ, ಹಾಲು ಹಲ್ಲುಗಳ ಸಾಲಿನ ಹಿಂದೆ, ಯಾವ ಹಲ್ಲೂ ಬೀಳದೆ, ಯಾರಿಗೂ ಹೇಳದೆ ನಾಲ್ಕು ಹೊಸ ದವಡೆ ಹಲ್ಲುಗಳು ಬರುತ್ತವೆ. ಏನೂ ಬಿದ್ದಿಲ್ಲವಾದ್ದರಿಂದ ಅಪ್ಪ–ಅಮ್ಮ ಅವನ್ನೂ ಹಾಲು ಹಲ್ಲೆಂದೇ ತಿಳಿಯುತ್ತಾರೆ. ಅವು ಕಾಯಂ. ಎಪ್ಪತ್ತರ ತನಕ ಬಾಳಬೇಕಾದವು, ಅಂದರೆ ಎಪ್ಪತ್ತು ಸಾವಿರ ಊಟಗಳಿಗೆ. ಅವುಗಳ ನೆತ್ತಿಯ ಮೇಲಿನ ಸೀಳುಗೆರೆಗಳ ಅಗಲ ಹಲವು ಕಡೆ 0.1 ಮಿಲಿಮೀಟರಿಗೂ ಕಡಿಮೆ, ಬ್ರಷ್ಷಿನ ಒಂದು ಎಳೆಯ ದಪ್ಪ ಸುಮಾರು 0.2. ಎಷ್ಟು ಉಜ್ಜಿದರೂ ಎಳೆ ಒಳಗೆ ಇಳಿಯುವುದಿಲ್ಲ. ದಂತವೈದ್ಯರ ಬಳಿ ಸೀಲೆಂಟ್ ಎಂಬ ತೆಳು ಅಂಟು ಇರುತ್ತದೆ. ಅದನ್ನು ಸೀಳಿಗೆ ಹರಿಸಿ ನೀಲಿ ಬೆಳಕು ಹಿಡಿದರೆ ಇಪ್ಪತ್ತು ಸೆಕೆಂಡಿನಲ್ಲಿ ಗಟ್ಟಿ. ನೋವಿಲ್ಲ, ಮರಗಟ್ಟಿಸುವುದಿಲ್ಲ. ನಾಲ್ಕು ಹಲ್ಲಿಗೂ ಒಂದೇ ಭೇಟಿಯಲ್ಲಿ ಮುಗಿಯುತ್ತದೆ, ಅಗಿಯುವ ಹಲ್ಲಿನಲ್ಲಿ ಎರಡು ವರ್ಷದೊಳಗೆ ಬರಬಹುದಾದ ಹುಳುಕಿನಲ್ಲಿ ಶೇ 80ರಷ್ಟನ್ನು ಇದು ತಡೆಯುತ್ತದೆ. ಮಗುವಿಗೆ ಆರು ತುಂಬಿದ ಮೇಲೆ ಮೂರು ತಿಂಗಳಿಗೊಮ್ಮೆ ಮೊಬೈಲಿನ ಟಾರ್ಚು ಹಾಕಿ ದವಡೆಯ ತುದಿ ನೋಡಿ. ಒಂದೊಂದು ಬದಿಯಲ್ಲೂ ಹಿಂದಿನಿಂದ ಮೊದಲ ಹಲ್ಲು ಮೊನ್ನೆ ಮೊನ್ನೆ ಬಂದಂತೆ, ಉಳಿದವಕ್ಕಿಂತ ದೊಡ್ಡದಾಗಿ ಕಂಡರೆ ಆ ವಾರವೇ ಹೋಗಿ ಸೀಲೆಂಟ್ ಹಾಕಿಸಿಕೊಂಡು ಬನ್ನಿ.